ಸೂತಕದ ಮೊಹರು

ಮೂರನೆಯ ಮನೆಯ ಹೊಸ್ತಿಲಿಗೆ ಹಣೆ ಮುಟ್ಟಿಸಿದ ಯಿನ್‌ಲಾನ್ ಇನ್ನೂ ತಲೆ ಎತ್ತಿರಲಿಲ್ಲ, ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳಿಸಿತು. ಮೆಲ್ಲಗೆ ಹಾಕಿದ್ದಲ್ಲ; ಹೊರಗೆ ಬಿದ್ದವಳಿಗೆ ಕೇಳಲಿ ಎಂದೇ ಹಾಕಿದ್ದು. ಅವಳು ಎದ್ದು, ಸೂತಕದ ಬಿಳಿ ನಾರುಬಟ್ಟೆಯ ಮಂಡಿಗೆ ಹತ್ತಿದ ಹಳದಿ ಮಣ್ಣು ಕೊಡವಿಕೊಂಡಳು.

"ಇನ್ನೂ ಎಷ್ಟು ಮನೆ ಮುಂದೆ ಬೀಳ್ತೀಯೆ?" ಎಂದ ಗಂಡ ಮಾನ್‌ಚಾಂಗ್. "ನಮ್ಮೂರಿಂದ ನಾಲ್ಕು ಜನ ಬಂದಿದಾರೆ. ಕೈಗಾಡಿ ಮೇಲೆ ಹಾಕ್ಕೊಂಡು ಹೋಗಿಬಿಡೋಣ."

"ಕೈಗಾಡೀಲಿ ಗೊಬ್ಬರ ಸಾಗಿಸ್ತಾರೆ. ನಮ್ಮಪ್ಪನ್ನ ಅಲ್ಲ."

"ಹಾಗಂದ್ರೆ ಅಲ್ಲ ಕಣೆ, ನಾನು ಹೇಳಿದ್ದು..."

"ಅಲ್ಲದೆ ಆ ಗುಡ್ಡದ ಮೆಟ್ಟಿಲಿಗೆ ಗಾಡಿ ಹತ್ತಲ್ಲ. ಹೊರಲೇಬೇಕು."

ಗೆಂಗ್ ಹಳ್ಳಿಯಲ್ಲಿ ಶವಪೆಟ್ಟಿಗೆಗೆ ಎಂಟು ಹೆಗಲು ಬೇಕು. ಸತ್ತವನ ಮಗ ಮನೆಮನೆಗೆ ಹೋಗಿ ಹೊಸ್ತಿಲಿಗೆ ಹಣೆ ಹಚ್ಚಿದರೆ, ಎಂಥ ಹಗೆ ಇದ್ದರೂ ಆ ಮನೆಯಿಂದ ಒಂದು ಹೆಗಲು ಬರುತ್ತದೆ. ತೋಫು ಮಾರುತ್ತಿದ್ದ ಫಾನ್ ಗುಯಿಶೆಂಗನಿಗೆ ಗಂಡುಮಕ್ಕಳಿರಲಿಲ್ಲ. ಕಣಿವೆಯಾಚೆಗೆ ಕೊಟ್ಟ ಮಗಳೊಬ್ಬಳೇ. ಅವನು ಸತ್ತು ಐದು ದಿನವಾಗಿತ್ತು. ಇವತ್ತು ಸೂರ್ಯ ನೆತ್ತಿಗೆ ಬರುವ ಮೊದಲು ಮಣ್ಣು ಸೇರಬೇಕು, ತಪ್ಪಿದರೆ ಇನ್ನು ಒಂಬತ್ತು ದಿನ ಒಳ್ಳೆಯ ಹೊತ್ತಿಲ್ಲ ಎಂದು ಪಂಚಾಂಗ ನೋಡುವವನು ಹೇಳಿಬಿಟ್ಟಿದ್ದ. ಬೇಸಿಗೆ ಶುರುವಾಗಿದೆ, ಒಂಬತ್ತು ದಿನ ಯಾರು ಕಾಯುತ್ತಾರೆ. ಗುಡ್ಡದ ಮೇಲೆ ಅಮ್ಮನ ಪಕ್ಕದ ಜಾಗ ಇಪ್ಪತ್ತನಾಲ್ಕು ವರ್ಷದಿಂದ ಅಪ್ಪನಿಗಾಗಿ ಖಾಲಿ ಬಿದ್ದಿತ್ತು. ಅವನನ್ನು ಅಲ್ಲಿಗೆ ತಲುಪಿಸುವುದು, ಅಷ್ಟೇ ಯಿನ್‌ಲಾನ್‌ಗೆ ಬೇಕಾಗಿದ್ದದ್ದು.

ನಾಲ್ಕನೆಯದು ಬಾವ್‌ಕುಯಿಯ ಮನೆ. ಊರಿನ ಮದುವೆ, ಸಾವು ಎಲ್ಲಕ್ಕೂ ಮುಂದೆ ನಿಂತು ನಡೆಸುವವನು ಅವನೇ. ಬಾಗಿಲಲ್ಲೇ ನಿಂತಿದ್ದ.

"ಏಳು, ಏಳು. ನನ್ನ ಕಾಲಿಗೆ ಬಿದ್ದು ನನ್ನ ಆಯಸ್ಸು ಕಮ್ಮಿ ಮಾಡಬೇಡ."

"ಬಾವ್‌ಕುಯಣ್ಣ, ನೀನೊಂದು ಮಾತು ಹೇಳಿದ್ರೆ ಎಂಟು ಹೆಗಲು ಬರುತ್ತೆ."

"ಬರುತ್ತೆ, ಇಲ್ಲ ಅನ್ನಲ್ಲ. ಆದ್ರೆ ನಮ್ಮಪ್ಪ ಹೇಳಬೇಡ ಅಂದಿದಾರೆ." ಅವನು ದನಿ ತಗ್ಗಿಸಿದ. "ಹನ್ನೊಂದು ಹೆಣ, ಯಿನ್‌ಲಾನ್. ಅದರಲ್ಲಿ ನಮ್ಮಣ್ಣಂದೂ ಒಂದು. ಆವತ್ತು ಬುರುಜಿಗೆ ಹೋದ ನಿಮ್ಮಪ್ಪ ಎರಡು ದಿನ ಬಿಟ್ಟು ನಡ್ಕೊಂಡು ಬಂದ. ಮೈಮೇಲೆ ಒಂದು ಗುಂಡಿನ ಗಾಯ ಇಲ್ಲ."

"ಕಿವಿ ಹರಿದಿತ್ತು."

"ಕಿವಿ," ಎಂದ ಬಾವ್‌ಕುಯಿ. "ನಮ್ಮಣ್ಣಂಗೆ ತಲೆಯೇ ಇರಲಿಲ್ಲ."

ಯಿನ್‌ಲಾನ್‌ಳ ಬಾಯಿಗೆ ಉತ್ತರ ಬಂದಿತ್ತು, ಬಂದು ಹಲ್ಲಿನ ಹಿಂದೆ ನಿಂತಿತ್ತು. ಆ ಒಂದು ಮಾತು ಆಡಿದರೆ ಈ ಮನುಷ್ಯ ಇಲ್ಲೇ ಕುಸಿದು ಕೂರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಆಡುವುದಿಲ್ಲ ಎಂದು ಅಪ್ಪನ ಕೈಮೇಲೆ ಕೈಯಿಟ್ಟು ಹೇಳಿಯೂ ಇದ್ದಳು.

*

ನಲವತ್ತು ವರ್ಷದ ಹಿಂದೆ ಆ ಬುರುಜಿನಲ್ಲಿದ್ದ ಬ್ರಿಗೇಡನ್ನು ಜಪಾನಿಗಳು ಯುದ್ಧ ಮಾಡಲು ಕಟ್ಟಿದ್ದಲ್ಲ, ಗೆದ್ದ ನೆಲದ ಮೇಲೆ ಕೂತಿರಲು ಕಟ್ಟಿದ್ದು. ಫಿರಂಗಿ ಕಡಿಮೆ, ಕುದುರೆ ಕಡಿಮೆ, ಜನ ಇನ್ನೂ ಕಡಿಮೆ. ರೈಲುಹಳಿಯುದ್ದಕ್ಕೂ ಬುರುಜುಗಳನ್ನು ಎಬ್ಬಿಸಿ, ಒಂದೊಂದರಲ್ಲಿ ಹನ್ನೆರಡು ಜನರನ್ನು ತುಂಬಿದರು. ಆ ಹನ್ನೆರಡು ಜನ ಮೂವತ್ತು ಹಳ್ಳಿ ಕಾಯಬೇಕು. ಕಾಯುವುದು ಆಗದ ಮಾತು. ಅದಕ್ಕೇ ಹಳ್ಳಿಗಳೇ ಬಂದು ಒಪ್ಪಿಸಿ ಹೋಗಬೇಕೆಂದು ಅಪ್ಪಣೆಯಾಯಿತು. ದಿನಾ ಬೆಳಗ್ಗೆ ಬಿಸಿಲು ಕಂದಕದ ಸೇತುವೆ ಮುಟ್ಟುವ ಮೊದಲು ಪ್ರತಿ ಹಳ್ಳಿಯಿಂದ ಒಬ್ಬ ಚೀಟಿ ಹಿಡಿದು ನಿಲ್ಲಬೇಕು. "ಊರು ಕ್ಷೇಮ, ಹೊರಗಿನವರಿಲ್ಲ" ಎಂದು ಅದರಲ್ಲಿ ಬರೆದಿರಬೇಕು, ಕೆಳಗೆ ಊರ ಯಜಮಾನನ ಕೆಂಪು ಮೊಹರು ಇರಬೇಕು. ಚೀಟಿ ಬರದಿದ್ದರೆ ಬಂದೂಕು ಬರುತ್ತದೆ.

ಚೀಟಿ ಯಾರು ಒಯ್ಯುವುದು ಎಂದು ಊರು ಕೂತು ಯೋಚಿಸಿತು. ಗೆಂಗ್ ಮನೆತನದವರದೇ ಊರಲ್ಲಿ ಗೆಂಗ್ ಅಲ್ಲದವನು ತೋಫು ಫಾನ್ ಒಬ್ಬನೇ. ಅವನಿಗೇನಾದರೂ ಆದರೆ ಯಾವ ಗೆಂಗ್ ಮನೆಯಲ್ಲೂ ಒಲೆ ಆರುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಬಾವ್‌ಕುಯಿಯ ಅಪ್ಪ ಗೆಂಗ್ ಯುತಾಂಗ್ ಆಗ ಊರ ಯಜಮಾನ. ಅವನು ಕೇಳಿದ, ಫಾನ್ ಒಪ್ಪಿಕೊಂಡ.

ಒಪ್ಪದೆ ಇರಲು ಅವನಿಂದ ಆಗುತ್ತಲೂ ಇರಲಿಲ್ಲ. ದೊಡ್ಡ ಬರದ ವರ್ಷ, ಒಂಬತ್ತರ ಹುಡುಗ ಫಾನ್ ಎಲ್ಲಿಂದಲೋ ನಡೆದು ಬಂದು ಬಿದ್ದದ್ದು ಯುತಾಂಗನ ಹೊಸ್ತಿಲ ಮೇಲೆ. ಯುತಾಂಗನ ತಾಯಿ ಮೂರು ದಿನ ನವಣೆ ಗಂಜಿಯನ್ನು ಚಮಚದಲ್ಲಿ ಕುಡಿಸಿ ಜೀವ ಉಳಿಸಿದಳು, ಆಮೇಲೆ ತೋಫು ಮಾಡುವುದು ಕಲಿಸಿದಳು. ಅವಳನ್ನು ಅವನು ಅಮ್ಮ ಎನ್ನುತ್ತಿದ್ದ, ಯುತಾಂಗನನ್ನು ಅಣ್ಣ ಎನ್ನುತ್ತಿದ್ದ.

ಮೂರು ವರ್ಷ ಚೀಟಿ ಹೊತ್ತ. ಅದರಲ್ಲಿ ಅರ್ಧಕ್ಕರ್ಧ ಸುಳ್ಳು. ಕಾಡಿನ ಹೋರಾಟಗಾರರು ಫಾನನ ಬೀಸುಕಲ್ಲಿನ ಕೋಣೆಯಲ್ಲೇ ಮಲಗಿದ್ದ ದಿನಗಳಲ್ಲೂ ಅವನು "ಹೊರಗಿನವರಿಲ್ಲ" ಎಂಬ ಕಾಗದ ಹಿಡಿದು ಸೇತುವೆ ದಾಟಿದ್ದಾನೆ. ಬುರುಜಿನ ಸಾರ್ಜೆಂಟ್ ನಿಶಿಗಾಕಿ ಹಳೆಯ ಗಿರಾಕಿ. ಯಾವ ನಾಯಿ ಯಾರ ಮನೆಯದು, ಯಾರ ಮನೆಯ ಸೊಸೆ ಬಸುರಿ ಎಲ್ಲ ಅವನಿಗೆ ಗೊತ್ತು. ಚೀಟಿಯ ಮೊಹರನ್ನು ತನ್ನಲ್ಲಿದ್ದ ಮಾದರಿಯ ಪಕ್ಕ ಹಿಡಿದು ನೋಡಿ, ಹೂಂ ಎಂದು, ಒಂದು ತುಂಡು ತೋಫು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

*

ಎಂಟು ದಿನದ ಹಿಂದೆ ಅಪ್ಪನ ಎದೆಯಲ್ಲಿ ಗೊರಗೊರ ಸದ್ದು ಶುರುವಾಗಿತ್ತು. ಯಿನ್‌ಲಾನ್ ಬಿಸಿನೀರು ಕುಡಿಸುತ್ತಿದ್ದಳು. ಅವನು ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಒಂದು ಹೇಳ್ತೀನಿ. ಕೇಳಿ ಮರೆತುಬಿಡು. ಯಾರಿಗೂ ಹೇಳಬಾರದು, ಅದರಲ್ಲೂ ಯುತಾಂಗಣ್ಣನಿಗೆ. ಕೈ ಇಡು."

ಅವಳು ಕೈ ಇಟ್ಟಳು.

ಯುತಾಂಗನ ತಾಯಿ ಸತ್ತ ಮರುದಿನ ಬೆಳಗ್ಗೆ ಫಾನ್ ಚೀಟಿಗಾಗಿ ಹೋದಾಗ ಮನೆಯಲ್ಲಿ ಕೆಂಪು ಎನ್ನುವುದೇ ಇರಲಿಲ್ಲ. ಬಾಗಿಲ ಕೆಂಪು ಕಾಗದ ಕೆರೆದು ಬಿಳಿ ಅಂಟಿಸಿದ್ದರು. ಕೆಂಪು ಮಸಿಯ ಡಬ್ಬಿಯನ್ನೂ ಹೊರಗೆ ಸಾಗಿಸಿದ್ದರು. ಸೂತಕದ ಮನೆಯವನು ಕೆಂಪು ಮುಟ್ಟುವಂತಿಲ್ಲ. ಯುತಾಂಗ್ ಮೊಹರನ್ನು ಬರೆಯುವ ಕಪ್ಪು ಮಸಿಯಲ್ಲಿ ಅದ್ದಿ ಒತ್ತಿದ.

"ಅಣ್ಣ, ಇದೊಂದು ದಿನ ಕೆಂಪೇ ಹಾಕಿಬಿಡು ಅಂದೆ," ಎಂದ ಅಪ್ಪ. "ಅಮ್ಮನ ಹೆಣ ಒಳಗಿಟ್ಕೊಂಡು ಕೆಂಪು ಮುಟ್ಟಲಾ, ನಾನೇನು ನಾಯಿಯಾ ಅಂದ. ನಿಶಿಗಾಕಿಗೆ ನಮ್ಮ ಪದ್ಧತಿ ಗೊತ್ತು, ನೋಡಿದ್ರೆ ಟೋಪಿ ತೆಗೀತಾನೆ, ಹೋಗು ಅಂದ. ನನಗೂ ಸರಿ ಅನ್ನಿಸ್ತು. ಅವಳು ನನಗೂ ಅಮ್ಮನೇ ಅಲ್ವಾ."

ಬುರುಜಿನಲ್ಲಿ ನಿಶಿಗಾಕಿ ಇರಲಿಲ್ಲ. ಹಿಂದಿನ ಸಂಜೆಯೇ ಹಳಬರನ್ನೆಲ್ಲ ದಕ್ಷಿಣದ ಯುದ್ಧಕ್ಕೆ ಸಾಗಿಸಿ, ಅವರ ಜಾಗಕ್ಕೆ ಹೊಸದಾಗಿ ಕಟ್ಟಿದ ಇನ್ನೊಂದು ಬ್ರಿಗೇಡಿನವರನ್ನು ತಂದು ಕೂರಿಸಿದ್ದರು. ನಲವತ್ತರ ಹತ್ತಿರದ ಕ್ಷೌರಿಕರು, ಗುಮಾಸ್ತರು, ಕನ್ನಡಕದವರು. ಚೀನಾಕ್ಕೆ ಬಂದು ಒಂಬತ್ತು ದಿನವಾಗಿತ್ತು. ಮೊಹರು ಸರಿಯಾಗಿ ನೋಡಿ, ಮೋಸ ಮಾಡುತ್ತಾರೆ ಎಂದು ಯಾರೋ ಅವರ ತಲೆಗೆ ತುಂಬಿದ್ದರು. ಹೊಸ ಸಾರ್ಜೆಂಟ್ ಕೆಂಪು ಮಾದರಿಯನ್ನೂ ಕಪ್ಪು ಮೊಹರನ್ನೂ ನೋಡಿದ. ದುಭಾಷಿ ಇನ್ನೂ ಬಂದಿರಲಿಲ್ಲ. ಫಾನ್ ತೋಳಿನ ಬಿಳಿ ಪಟ್ಟಿ ತೋರಿಸಿದ, ಅಳುವವರಂತೆ ನಟಿಸಿದ, ಸತ್ತವರಂತೆ ಮಲಗಿಯೂ ತೋರಿಸಿದ. ಬಂದೂಕಿನ ಹಿಡಿ ಕಿವಿಯ ಮೇಲೆ ಬಿತ್ತು. ಕಂಬಕ್ಕೆ ಕಟ್ಟಿಹಾಕಿ ಎಂಟು ಜನ ಹೊರಟರು.

ಆ ಹೊತ್ತಿಗೆ ಊರ ಗಂಡಸರೆಲ್ಲ ಮುದುಕಿಗೆ ಹೆಗಲು ಕೊಡಲು ಕಣದಲ್ಲಿ ಸೇರಿದ್ದರು. ದಿಬ್ಬದ ಮೇಲಿನಿಂದ ನೋಡಿದ ಹೊಸಬರಿಗೆ ಕಂಡದ್ದು ಒಂದೇ ಥರದ ಬಿಳಿ ಬಟ್ಟೆ ತೊಟ್ಟು ಸಾಲಾಗಿ ನಿಂತ ನಲವತ್ತು ಗಂಡಸರು. ಮುಂದೆ ಬಾವುಟ ಬೇರೆ. ಸತ್ತವರ ದಾರಿಯ ಬಾವುಟ ಅದು. ಹಿಡಿದಿದ್ದವನು ಯುತಾಂಗನ ಹಿರಿಮಗ.

"ಊರಲ್ಲಿ ಎರಡೆರಡು ಸಲ ದ್ರೋಹಿ ಅಂತ ನಿನ್ನ ಕೊರಳಿಗೆ ಹಲಗೆ ಕಟ್ಟಿ ನಿಲ್ಲಿಸಿದ್ರು," ಎಂದಳು ಯಿನ್‌ಲಾನ್. "ನನ್ನ ಮದುವೆಗೆ ಒಬ್ಬರು ಬರಲಿಲ್ಲ. ಆಗಲಾದ್ರೂ ಹೇಳಬಾರದಿತ್ತಾ ಅಪ್ಪ?"

"ನಿನ್ನ ಮಗನ್ನ ಕೊಂದಿದ್ದು ನಿನ್ನ ಮೊಹರೇ ಅಂತ ಅವನಿಗೆ ಹೇಳಲಾ? ಅಮ್ಮನ ಹೆಣದ ಮೇಲೆ ಹನ್ನೊಂದು ಹೆಣ ಹೇರಲಾ?" ಅವನು ಸ್ವಲ್ಪ ಹೊತ್ತು ಉಸಿರಿಗಾಗಿ ಕಾದ. "ಬೈಸಿಕೊಳ್ಳೋದು ಅಭ್ಯಾಸ ಆಗುತ್ತೆ ಮಗಳೆ. ಅದು ಅಭ್ಯಾಸ ಆಗಲ್ಲ."

*

"ನಿಮ್ಮಪ್ಪನ್ನ ನೋಡಬೇಕು," ಎಂದಳು ಯಿನ್‌ಲಾನ್ ಬಾವ್‌ಕುಯಿಗೆ.

"ಏನೂ ಉಪಯೋಗ ಇಲ್ಲ."

"ಬೈಸ್ಕೊಂಡು ಹೋಗ್ತೀನಿ, ಬಿಡು. ನಮಗೇನು ಹೊಸದಾ?"

ಬಾವ್‌ಕುಯಿ ಪಕ್ಕಕ್ಕೆ ಸರಿದ. ಒಳಗೆ ಹೋಗುವಾಗ ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಅಪ್ಪನಿಗೆ ಕೊಟ್ಟ ಮಾತು ಮುರಿದರೆ ಮುರಿಯಿತು. ಮಣ್ಣು ಕಾಣದೆ ಕೊಳೆಯುತ್ತಿರುವವನಿಗೆ ಕೊಟ್ಟ ಮಾತಿಗಿಂತ ಅವನಿಗೊಂದು ಗುಂಡಿ ದೊಡ್ಡದು. ಈ ಮುದುಕ ಕೇಳಿ ಸತ್ತರೆ ಸಾಯಲಿ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ನಾಚಿಕೆಯೇನೂ ಆಗಲಿಲ್ಲ.

ಗೆಂಗ್ ಯುತಾಂಗ್ ಕಿಟಕಿಯ ಪಕ್ಕ ಇಟ್ಟಿಗೆ ಮಂಚದ ಮೇಲೆ ಕಾಲು ಮಡಚಿ ಕೂತಿದ್ದ. ಎಂಬತ್ತನಾಲ್ಕಾಗಿದ್ದರೂ ಕಣ್ಣು ಸರಿಯಾಗಿತ್ತು. ಅವಳು ಬಾಗಿಲು ಮುಂದೆ ಮಾಡಿ ಅವನೆದುರು ನಿಂತಳು, ಮಂಡಿಯೂರಲಿಲ್ಲ.

"ದೊಡ್ಡಯ್ಯ..."

"ಕಪ್ಪು ಮೊಹರಿನ ವಿಷಯ ಹೇಳೋಕೆ ಬಂದ್ಯಾ?" ಎಂದ ಅವನು.

ಯಿನ್‌ಲಾನ್ ಒಂದು ಹೆಜ್ಜೆ ಹಿಂದೆ ಸರಿದಳು.

"ಕೂತ್ಕೋ. ನಿಂತ್ಕೊಂಡು ಕೇಳೋ ಮಾತಲ್ಲ ಅದು." ಅವಳು ಕೂರಲಿಲ್ಲ. ಅವನು ಕಿಟಕಿಯ ಕಡೆ ನೋಡುತ್ತ ಹೇಳಿದ. "ಕಣದಲ್ಲಿ ಗುಂಡು ನಿಂತಮೇಲೆ ಇಲ್ಲಿಗೆ ಬಂದ್ರು. ಆಗ ದುಭಾಷಿ ಬಂದಿದ್ದ. ಸಾರ್ಜೆಂಟ್ ಚೀಟಿ ನನ್ನ ಮುಖಕ್ಕೆ ಹಿಡಿದ, ಇದ್ಯಾಕೆ ಕಪ್ಪು ಅಂದ. ತಾಯಿ ಸತ್ತಿದಾಳೆ, ಸೂತಕ ಅಂದೆ. ಅವನು ಅಮ್ಮನ ಪೆಟ್ಟಿಗೆ ನೋಡಿದ. ಟೋಪಿ ತೆಗೆದು, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ಚೀಟಿ ನೆಲಕ್ಕೆ ಬಿಟ್ಟು ಹೊರಟುಹೋದ. ಅವರು ಆಚೆ ಹೋದಮೇಲೆ ನಾನು ಆ ಚೀಟಿ ಬಾಯಿಗೆ ಹಾಕ್ಕೊಂಡು ನುಂಗಿಬಿಟ್ಟೆ. ಆಮೇಲೆ ಮಗನ್ನ ನೋಡೋಕೆ ಹೋದೆ."

"ಗೊತ್ತಿತ್ತು," ಎಂದಳು ಯಿನ್‌ಲಾನ್. "ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನಲವತ್ತು ವರ್ಷ ಊರ ಕೈಲಿ ನಮ್ಮಪ್ಪನ ಮುಖಕ್ಕೆ ಉಗಿಸಿದ್ರಿ."

"ಉಗಿಸಿದೆ. ಅವನು ಒಂದೇ ಒಂದು ಸಲ ತಿರುಗಿ ಬಿದ್ದಿದ್ರೆ, ಹೌದು ಕಣೋ ಅಂತ ಒಪ್ಕೊಂಡುಬಿಡ್ತಿದ್ದೆ. ಬೀಳಲಿಲ್ಲ. ದಿನಾ ಬೆಳಗ್ಗೆ ಬಾಗಿಲಿಗೆ ಒಂದು ತೋಫು ಇಟ್ಟು ಹೋಗ್ತಿದ್ದ. ಕೋಳಿಗೆ ಹಾಕ್ತಿದ್ದೆ. ಅವನು ಹೇಳ್ತಾನೆ, ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾಯ್ತಾ ಕಾಯ್ತಾ ಅವನ ಮುಖ ಕಂಡ್ರೆ ಆಗದೆ ಹೋಯ್ತು. ಯಾಕೆ ಹೇಳಲಿಲ್ಲ ಅವನು?"

"ನಿಮಗೆ ಗೊತ್ತಿಲ್ಲ ಅಂದ್ಕೊಂಡಿದ್ರು. ಗೊತ್ತಾದ್ರೆ ನೀವು ಬದುಕಲ್ಲ ಅಂದ್ಕೊಂಡಿದ್ರು. ಸಾಯೋವರೆಗೂ ಹಾಗೇ ಅಂದ್ಕೊಂಡಿದ್ರು."

ಮುದುಕನ ದವಡೆ ಅಲುಗಿತು. "ಪೆದ್ದ," ಎಂದ. "ಚಿಕ್ಕಂದಿನಿಂದ್ಲೂ ಪೆದ್ದ," ಎಂದ. ಆಮೇಲೆ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು ಹೇಳಿದ, "ಹೋಗು. ಬೀದೀಲಿ ನಿಂತು ಎಲ್ಲರಿಗೂ ಹೇಳು. ಎಂಟಲ್ಲ, ಹದಿನಾರು ಹೆಗಲು ಬರುತ್ತೆ. ನಾನು ಇಲ್ಲ ಅನ್ನಲ್ಲ."

ಯಿನ್‌ಲಾನ್ ಬಾಗಿಲ ತನಕ ಹೋದಳು.

"ನಾನು ಹೇಳಲ್ಲ. ನಾನು ಅಪ್ಪಂಗೆ ಮಾತು ಕೊಟ್ಟಿದೀನಿ, ನಿಮ್ಮಂಥೋರ ಮುಂದೆ ಅದನ್ನ ಮುರಿಯಲ್ಲ," ಎಂದಳು. "ಬಿಸಿಲು ಬಾವಿಕಟ್ಟೆ ದಾಟಿದೆ. ನಮಗೆ ಹೊತ್ತಿಲ್ಲ."

*

ಐದು ಗಂಡಸರು, ಆರನೆಯವಳು ಅವಳು. ಹೆಂಗಸು ಹೆಗಲು ಕೊಡುವುದು ಎಲ್ಲೂ ಇಲ್ಲ. ಮಾನ್‌ಚಾಂಗ್ ಒಮ್ಮೆ ಬೇಡ ಎಂದ, ಅವಳ ಮುಖ ನೋಡಿ ತನ್ನ ಬೊಂಬಿನ ಕಡೆಗೆ ಹೋದ. ಎಂಟು ಜನ ಹೊರುವ ಬೊಂಬುಗಳ ಕೆಳಗೆ ಆರು ಜನ ನುಗ್ಗಿ, ಒಂದೇ ಉಸಿರಿಗೆ ಪೆಟ್ಟಿಗೆ ಎತ್ತಿದರು. ಎತ್ತಿದ ಪೆಟ್ಟಿಗೆ ಗುಂಡಿ ಮುಟ್ಟುವವರೆಗೆ ನೆಲ ಮುಟ್ಟಬಾರದು. ಹಾದಿಯಲ್ಲಿ ಇಳಿಸಿದರೆ ಸತ್ತವನು ಅಲ್ಲೇ ಉಳಿಯುತ್ತಾನೆ.

ಇಕ್ಕೆಲದ ಗೋಡೆಗಳ ಮೇಲೆ ಊರೇ ಹತ್ತಿ ಕೂತು ನೋಡುತ್ತಿತ್ತು. ಕೆಮ್ಮಿದವರೂ ಇಲ್ಲ.

ಓಣಿಯ ತಿರುವಿನಲ್ಲಿ ಚಾವ್ ಅತ್ತೆ ಕೂತಿದ್ದಳು. ಕಣದಲ್ಲಿ ಸತ್ತ ಹನ್ನೊಂದು ಜನರ ಹೆಂಡಂದಿರಲ್ಲಿ ಉಳಿದವಳು ಇವಳೊಬ್ಬಳೇ. ದಾರಿಯ ನಡುವೆ ಮಣೆ ಹಾಕಿಕೊಂಡು, ಕಾಲು ಚಾಚಿ ಕೂತಿದ್ದಳು.

"ದಾರಿ ಬಿಡತ್ತೆ," ಎಂದಳು ಯಿನ್‌ಲಾನ್ ಬೊಂಬಿನ ಕೆಳಗಿನಿಂದ.

"ನನ್ನ ಮೇಲೆ ದಾಟಿ ಹೋಗಿ."

"ಅತ್ತೆ, ನಮ್ಮ ಕೈಲಿ ತಡಿಯೋಕೆ ಆಗ್ತಿಲ್ಲ."

"ಇಳಿಸಿ. ಇಳಿಸಿದ್ರೆ ನಾಯಿ ಬೇಕಾದಷ್ಟಿವೆ ಊರಲ್ಲಿ. ನಮ್ಮನೆಯವರಿಗೆ ಆಗ ಇಪ್ಪತ್ತೊಂಬತ್ತು ವರ್ಷ. ಯಾರದೋ ಸಾವಿಗೆ ಹೆಗಲು ಕೊಡೋಕೆ ಹೋದೋರು ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ನಿಮ್ಮಪ್ಪ ಎಪ್ಪತ್ಮೂರು ವರ್ಷ ಉಂಡ."

ಹಿಂದಿನ ಬೊಂಬಿನಲ್ಲಿ ಯಾರದೋ ಮೊಣಕಾಲು ಮಡಚಿತು. ಪೆಟ್ಟಿಗೆ ಒಂದು ಕಡೆ ವಾಲಿ ಮತ್ತೆ ನಿಂತಿತು. ಒಳಗೆ ಅಪ್ಪ ಸರಿದದ್ದು ಯಿನ್‌ಲಾನ್‌ಳ ಹೆಗಲಿಗೆ ತಿಳಿಯಿತು. ಅವಳ ಅಂಗಿಯ ಕೆಳಗೆ ಚರ್ಮ ಕಿತ್ತು ಬಂದಿತ್ತು. ಹೇಳಿಬಿಡು ಎಂದು ಮೈಯೆಲ್ಲ ಕೂಗುತ್ತಿತ್ತು. ಅವಳು ತುಟಿ ಕಚ್ಚಿ ಹಿಡಿದಳು. ಇನ್ನು ನೂರು ಎಣಿಸುವಷ್ಟು ಹೊತ್ತೂ ತಡೆಯಲಾರೆ ಎನ್ನುವುದು ಅವಳಿಗೆ ಗೊತ್ತಿತ್ತು.

ಗೋಡೆಯ ಮೇಲಿನ ತಲೆಗಳೆಲ್ಲ ಒಟ್ಟಿಗೆ ಒಂದು ಕಡೆ ತಿರುಗಿದವು.

ಯುತಾಂಗ್ ಬರುತ್ತಿದ್ದ. ಮೇಲಿಂದ ಕೆಳಗಿನವರೆಗೆ ಬಿಳಿ ತೊಟ್ಟಿದ್ದ. ತಲೆಗೆ ಕಟ್ಟಿದ ಬಿಳಿ ಬಟ್ಟೆಯ ತುದಿ ಬೆನ್ನ ಮೇಲೆ ಇಳಿಬಿದ್ದಿತ್ತು. ಅಣ್ಣ ತಮ್ಮನಿಗೆ ಹಾಗೆ ತೊಡುವುದಿಲ್ಲ, ಯಜಮಾನ ತೋಫು ಮಾರುವವನಿಗೆ ತೊಡುವ ಮಾತೇ ಇಲ್ಲ. ಮಗ ಅಪ್ಪನಿಗೆ ತೊಡುವ ಸೂತಕ ಅದು. ಬಾವ್‌ಕುಯಿ ಹಿಂದಿನಿಂದ ತೋಳು ಹಿಡಿದು ಎಳೆಯುತ್ತಿದ್ದ.

"ಅಪ್ಪ, ತಲೆ ಕೆಟ್ಟಿದ್ಯಾ? ಊರು ನೋಡ್ತಿದೆ, ಬಾ."

"ನೋಡ್ಲಿ ಅಂತಾನೇ ಬಂದಿದ್ದು. ಬಿಡು."

ಅವನು ಚಾವ್ ಅತ್ತೆಯ ಮುಂದೆ ಬಂದು, ಕೋಲು ಬಿಟ್ಟು, ಒಂದೊಂದೇ ಮಂಡಿ ಊರಿದ. ಮಾತು ಜೋರಾಗಿ ಬರಲಿಲ್ಲ. ಆದರೆ ಆ ನಿಶ್ಶಬ್ದದಲ್ಲಿ ಗೋಡೆಯ ಕೊನೆಯಲ್ಲಿದ್ದವರಿಗೂ ಕೇಳಿಸಿತು.

"ಮೊಹರು ನಂದು. ಅಮ್ಮನ ಸೂತಕ ಅಂತ ಆವತ್ತು ಕಪ್ಪು ಮಸಿ ಹಾಕಿದೋನು ನಾನು. ಬೇಡ ಅಂದ ಗುಯಿಶೆಂಗ್, ನಾನು ಕೇಳಲಿಲ್ಲ. ಕಪ್ಪು ನೋಡಿ ಮೋಸ ಅಂದ್ಕೊಂಡು ಬುರುಜಿನೋರು ಬಂದ್ರು. ಅವನು ಯಾರ ಹೆಸರೂ ಹೇಳಲಿಲ್ಲ, ಏನೂ ಮಾರಲಿಲ್ಲ. ಕಂಬಕ್ಕೆ ಕಟ್ಟಿಸ್ಕೊಂಡಿದ್ದ."

"ಯಾವಾಗ ಗೊತ್ತಾಯ್ತು ನಿಮಗೆ?" ಎಂದಳು ಚಾವ್ ಅತ್ತೆ.

"ಆವತ್ತೇ."

"ಆವತ್ತೇ."

"ಹೂಂ. ಆವತ್ತೇ."

ಚಾವ್ ಅತ್ತೆ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಪೆಟ್ಟಿಗೆಯ ಕಡೆಗೆ ತಿರುಗಿದಳು.

"ನಲವತ್ತು ವರ್ಷ ನಾನು ತೋಫು ತಿಂದಿಲ್ಲ," ಎಂದಳು. ಮಣೆ ಎಳೆದುಕೊಂಡು ಗೋಡೆಯ ಕಡೆಗೆ ಸರಿದಳು.

ಮೊದಲು ಒಬ್ಬ ಗೋಡೆಯಿಂದ ಧುಮುಕಿದ, ಆಮೇಲೆ ಇನ್ನೊಬ್ಬ. ಹಿಂದಿನ ಬೊಂಬುಗಳು ಮೇಲೆದ್ದವು, ಪೆಟ್ಟಿಗೆ ಸಮನಾಯಿತು. ಯಿನ್‌ಲಾನ್‌ಳ ಹೆಗಲಿನಿಂದ ಯಾರೋ ಬೊಂಬು ಎತ್ತಿಕೊಂಡರು. ತಿರುಗಿ ನೋಡಿದರೆ ಬಾವ್‌ಕುಯಿ. ಅವನ ಮುಖ ಸುಣ್ಣದಂತಾಗಿತ್ತು. "ಮುಂದೆ ಹೋಗು," ಎಂದಷ್ಟೇ ಹೇಳಿದ. ಅವಳು ಮುಂದೆ ಹೋದಳು.

ಯುತಾಂಗ್ ದಾರಿಯ ನಡುವೆ ಮಂಡಿಯೂರಿಕೊಂಡೇ ಇದ್ದ. ಏಳಲು ಕೋಲಿಗಾಗಿ ಕೈ ಚಾಚಿದ, ಅದು ದೂರ ಉರುಳಿತ್ತು. ಹೊತ್ತವರು ಅವನ ಎಡಬಲಕ್ಕೆ ಹಂಚಿಕೊಂಡು ದಾಟಿದರು. ಪೆಟ್ಟಿಗೆಯ ನೆರಳು ಅವನ ಮೇಲೆ ಹಾದುಹೋಯಿತು. ಬಾವ್‌ಕುಯಿಯ ಕಾಲು ಅವನ ತೋಳಿಗೆ ತಗುಲಿತು. ಮಗ ಕೆಳಗೆ ನೋಡಲಿಲ್ಲ, ನಡೆಯುತ್ತಲೇ ಹೋದ.

ಗುಡ್ಡದ ಮೊದಲ ಮೆಟ್ಟಿಲಲ್ಲಿ ಯಿನ್‌ಲಾನ್ ಹಿಂತಿರುಗಿ ನೋಡಿದಳು. ಹೆಣದ ಮುಂದೆ ಹೋಗುವವರು ಹಿಂತಿರುಗಬಾರದು, ಆದರೂ ನೋಡಿದಳು. ಓಣಿ ಖಾಲಿಯಾಗಿತ್ತು. ಊರೆಲ್ಲ ಪೆಟ್ಟಿಗೆಯ ಹಿಂದೆ ಹತ್ತಿ ಬರುತ್ತಿತ್ತು. ಕೆಳಗೆ ಬಿಸಿಲಿನಲ್ಲಿ ಬಿಳಿ ಬಟ್ಟೆಯ ಮುದುಕ ಇನ್ನೂ ಹಾಗೇ ಇದ್ದ. ಗುಡ್ಡ ಹತ್ತಲಾರದ ಚಾವ್ ಅತ್ತೆ ಮಣೆ ಎತ್ತಿಕೊಂಡು ಮೆಲ್ಲಗೆ ಓಣಿಯ ನಡುವಿಗೆ ಬಂದಳು. ಅವನಿಂದ ಒಂದು ಮಾರು ದೂರದಲ್ಲಿ ಮಣೆ ಹಾಕಿ, ಅವನಿಗೆ ಬೆನ್ನು ಮಾಡಿ ಕೂತುಕೊಂಡಳು.